ಸತ್ತ ಸಿಪಾಯಿ ಮತ್ತೆ ಎದ್ದಾಗ

ನಮ್ಮ ಶೀಳನೆರೆಯಿಂದ ಪಾಂಡವಪುರದ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೋಗುವವನು ಹಳೆಯ ಯುದ್ಧಗಳ ಹೆಜ್ಜೆಗುರುತುಗಳ ಮೇಲೆಯೇ ನಡೆಯುತ್ತಾನೆ. 1771ರಲ್ಲಿ ಹೈದರಾಲಿಯು ಮರಾಠರಿಗೆ ಸೋತ ಚಿನಕುರಳಿ ಈ ಸೀಮೆಯಲ್ಲೇ ಇದೆ. ಪಾಂಡವಪುರಕ್ಕೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಹೆಸರಿಟ್ಟದ್ದು, ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟಿದ್ದುದರಿಂದ. ಆದುದರಿಂದ 1990ರಲ್ಲಿ ದೂರದರ್ಶನವು 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯನ್ನು ಬಿತ್ತರಿಸಿದಾಗ ಅದು ನಮಗೆ ಮನೆಯ ಕಥೆಯೇ ಆಗಿತ್ತು. ಕಾದಂಬರಿಯನ್ನು ಆಧರಿಸಿದ ಈ ಕಥೆ ಕಲ್ಪಿತವೆಂಬ ಸೂಚನೆಯನ್ನೂ ತೋರಿಸುತ್ತಿದ್ದರು. ಆದರೆ ಕಣ್ಣಾರೆ ಕಂಡದ್ದನ್ನು ಕಲ್ಪಿತವೆಂದು ಬಗೆಯುವವರೆಷ್ಟು ಮಂದಿ? ಅಂದಿನಿಂದ, ಯುದ್ಧದ ಧಾರಾವಾಹಿಗಳಲ್ಲಿ ತಪ್ಪು ಹುಡುಕುವುದು ನನಗೊಂದು ಚಟವಾಗಿ ಅಂಟಿಕೊಂಡಿತು.

ಇಂಥ ತಪ್ಪುಗಳಲ್ಲಿ ಎರಡು ಬಗೆ. ಮೊದಲನೆಯದು ಕಥೆ ತನಗೆ ತಾನೇ ತಪ್ಪುವುದು. ಒಂದೇ ಕಾಳಗವನ್ನು ಹಲವು ದಿನ, ಹಲವು ಕಡೆಯಿಂದ ಚಿತ್ರಿಸಿ ಆಮೇಲೆ ಜೋಡಿಸುತ್ತಾರೆ. ಹಾಗಾಗಿ ಎಡಗೈಯ ಗಾಯದ ಪಟ್ಟಿ ಬಲಗೈಗೆ ಹಾರುತ್ತದೆ. ಮಧ್ಯಾಹ್ನದ ನೆರಳು ಕ್ಷಣಮಾತ್ರದಲ್ಲಿ ಸಂಜೆಯ ನೆರಳಾಗುತ್ತದೆ. ಬತೇರಿಯ ಮೇಲೆ ಸತ್ತ ಸಿಪಾಯಿ ಕೋಟೆಬಾಗಿಲ ಬಳಿ ಎದ್ದು ಬಂದು ಇನ್ನೊಮ್ಮೆ ಸಾಯುತ್ತಾನೆ. ಇದನ್ನು ಹಿಡಿಯಬೇಕಾದರೆ ನಾಯಕನ ಮುಖವನ್ನು ಬಿಟ್ಟು ಅವನ ಬೆನ್ನ ಹಿಂದಿನವರನ್ನು ನೋಡಬೇಕು.

ಎರಡನೆಯದು ಚರಿತ್ರೆಗೆ ತಪ್ಪುವುದು. 1799ರ ಮೇ 4ನೆಯ ದಿನವನ್ನೇ ತೆಗೆದುಕೊಳ್ಳೋಣ. ಇಂಗ್ಲಿಷರ ಸೇನೆ ಬೇಸಗೆಯ ತೆಳುನೀರಿನ ಕಾವೇರಿಯನ್ನು ಹಾಯ್ದು, ಕೋಟೆಯ ವಾಯವ್ಯದಲ್ಲಿ ಒಡೆದ ಕಂಡಿಯನ್ನು ಹತ್ತಿತು. ತೆರೆಯ ಮೇಲೆ ಹೊಳೆ ತುಂಬಿ ಹರಿದರೆ ಅದು ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರಿರಬೇಕು. ಆ ಕಟ್ಟೆಯ ಕೆಲಸ ಮೊದಲಾದದ್ದೇ 1911ರಲ್ಲಿ! ಇಂಗ್ಲಿಷರ ಇಂದಿನ ಧ್ವಜದಲ್ಲಿರುವ ಕೆಂಪು ಓರೆಪಟ್ಟೆಗಳು ಸೇರಿದ್ದು 1801ರಲ್ಲಿ; ಅವು ಅಂದು ಹಾರಾಡಿದರೆ ತಪ್ಪು. ಆರ್ಥರ್ ವೆಲ್ಲೆಸ್ಲಿ ಅಂದು ಕರ್ನಲ್. ಡ್ಯೂಕ್ ಆದದ್ದು 1814ರಲ್ಲಿ. ಮೈಸೂರಿನ ರಾಕೆಟ್ಟು ಬಿದಿರಿಗೆ ಬಿಗಿದ ಕಬ್ಬಿಣದ ನಳಿಗೆಯೇ ಹೊರತು, ಇಟ್ಟ ಗುರಿ ತಪ್ಪದ ಇಂದಿನ ಕ್ಷಿಪಣಿಯಲ್ಲ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಬಂದೂಕಿನದು. ಆಗಿನದು ಚಕಮಕಿ ಕಲ್ಲಿನ ಬಂದೂಕು. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು, ಕಿಡಿ ಬೀಳುವ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ, ಉಳಿದ ಮದ್ದನ್ನೂ ಗುಂಡನ್ನೂ ನಳಿಗೆಗೆ ತುಂಬಿ, ಗಜದಿಂದ ಜಡಿದು, ಆಮೇಲೆ ಹಾರಿಸಬೇಕು. ಪಳಗಿದ ಸಿಪಾಯಿಯೂ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು. ತೆರೆಯ ಮೇಲಿನವನೋ ಒಂದರ ಹಿಂದೊಂದು ಹಾರಿಸುತ್ತಲೇ ಹೋಗುತ್ತಾನೆ. ಇಲ್ಲಿ ಕಳೆದುಹೋಗುವುದು ಬರಿಯ ವಿವರವಲ್ಲ. ಎದುರಿನಿಂದ ಸಾವು ಬರುತ್ತಿರುವಾಗ, ಬರಿದಾದ ಬಂದೂಕನ್ನು ಹಿಡಿದು ಗಜ ಜಡಿಯುತ್ತ ನಿಂತವನ ಆ ಇಪ್ಪತ್ತು ಸೆಕೆಂಡುಗಳು ಕಳೆದುಹೋಗುತ್ತವೆ. ಅವನ ಭಯವೂ ಧೈರ್ಯವೂ ಇದ್ದದ್ದು ಅಲ್ಲಿಯೇ.

ಒಮ್ಮೆ ಮಿತ್ರರೊಬ್ಬರ ಮುಂದೆ ನನ್ನ ತಪ್ಪುಗಳ ಪಟ್ಟಿಯನ್ನು ಜಂಬದಿಂದ ಓದಿದೆ. ಅವರು ಕೇಳಿದ್ದು ಒಂದೇ ಮಾತು: "ಮೈಸೂರಿನ ಬೆಂಕಿಯನ್ನು ಮರೆತಿರಾ?" ನಾನು ತಲೆತಗ್ಗಿಸಿದೆ. 1989ರ ಫೆಬ್ರುವರಿ 8ರಂದು, ಪ್ರೀಮಿಯರ್ ಸ್ಟುಡಿಯೋದಲ್ಲಿ ಇದೇ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಮಂದಿ ತೀರಿಕೊಂಡರು. ಅವರಾರೂ ಮುಂದಿನ ದೃಶ್ಯಕ್ಕೆ ಎದ್ದು ಬರಲಿಲ್ಲ.

ಪಟ್ಟಿಯನ್ನು ಅಂದೇ ಹರಿದೆ; ನೋಡುವುದನ್ನು ಬಿಡಲಿಲ್ಲ. ಈಗ ಪ್ರತಿಯೊಂದು ತಪ್ಪಿನೆದುರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಮರೆಯಾದವರು ಯಾರು? ಗುಂಡಿಯ ಬಣ್ಣ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಕ್ಷಮಿಸಬಹುದು. ಸತ್ತವನು ಸುಲಭವಾಗಿ ಎದ್ದು ಬಂದರೆ ಮಾತ್ರ, ಪಕ್ಕದಲ್ಲಿ ಕುಳಿತು ನೋಡುವ ಮಗುವಿಗೆ ಸಾವು ಆಟವಾಗುತ್ತದೆ. ಶ್ರೀರಂಗಪಟ್ಟಣದ ಆ ಕಂಡಿಯ ಬಳಿ, ಅಂದು ಮಡಿದ ಇಂಗ್ಲಿಷ್ ಅಧಿಕಾರಿಗಳ ನೆನಪಿಗೆ ಕಲ್ಲಿನ ಸ್ತಂಭವಿದೆ. ಹೆಸರಿಲ್ಲದ ಸಿಪಾಯಿಗಳಿಗೆ ಉಳಿದಿರುವುದು ನೋಡುವವರ ಎಚ್ಚರ ಮಾತ್ರ.

(ಬಾನುಲಿ ಭಾಷಣ)