ತೊಂದರೆ ಬೇರೆ, ಹುಡುಗ ಬೇರೆ

ಆರು ವರ್ಷದ ಹುಡುಗ. ಚಡ್ಡಿಯಲ್ಲೇ ಕಕ್ಕ ಮಾಡಿಕೊಳ್ಳುತ್ತಿದ್ದ, ಗೋಡೆಗೆ ಬಳಿಯುತ್ತಿದ್ದ. ತಾಯಿ ತಾನು ಒಳ್ಳೆಯ ತಾಯಿಯೇ ಅಲ್ಲವೆಂದು ಕುಗ್ಗಿಹೋಗಿದ್ದಳು. ತಂದೆ ನಾಚಿಕೆಯಿಂದ ಗೆಳೆಯರಿಂದಲೂ ನೆಂಟರಿಂದಲೂ ದೂರವಾಗಿದ್ದ. ಈ ಕುಟುಂಬ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿದ್ದ ಕುಟುಂಬ ಚಿಕಿತ್ಸಕ ಮೈಕೆಲ್ ವೈಟ್ ಬಳಿ ಬಂತು.

ಇಂಥ ಮನೆಗಳಲ್ಲಿ ಮಾತೆಲ್ಲ ಮಗುವಿನ ಸ್ವಭಾವದ ಸುತ್ತಲೇ ಸುತ್ತುತ್ತದೆ: ಕೊಳಕ, ಸೋಮಾರಿ, ಹಟಮಾರಿ. ಒಮ್ಮೆ ಹಾಗೆ ಕರೆದರೆ ಸೋಲಿಸಬೇಕಾದ ಎದುರಾಳಿ ಮಗುವೇ ಆಗಿಬಿಡುತ್ತದೆ. ವೈಟ್ ಜೊತೆಗಿನ ಮಾತುಕತೆಯಲ್ಲಿ ಹೆಸರು ಬಿದ್ದದ್ದು ತೊಂದರೆಗೆ: ‘ಸ್ನೀಕಿ ಪೂ’, ಅಂದರೆ ಕಳ್ಳ ಕಕ್ಕ. ಆಮೇಲೆ ಅವರ ಪ್ರಶ್ನೆಗಳ ದಿಕ್ಕೇ ಬದಲಾಯಿತು. ಈ ಕಳ್ಳ ನಿನಗೂ ಗೆಳೆಯರಿಗೂ ನಡುವೆ ಏನು ಮಾಡಿದ್ದಾನೆ? ಅಮ್ಮನಿಗೆ ಏನು ಮಾಡಿದ್ದಾನೆ? ಅವನ ಆಟ ನಡೆಯದಂತೆ ನೀನು ತಡೆದದ್ದು ಯಾವಾಗ? ಹುಡುಗನಿಗೆ ಅಂಥ ಸಂದರ್ಭಗಳು ನೆನಪಾದವು, ತಾಯಿಗೂ ತಾನು ಸೋಲದೆ ನಿಂತ ಗಳಿಗೆ ನೆನಪಾಯಿತು. ಎರಡು ವಾರಗಳ ನಂತರ ಬಂದಾಗ ಆಗಿದ್ದದ್ದು ಒಂದೇ ಒಂದು ಸಣ್ಣ ಎಡವಟ್ಟು. ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಜೊತೆ ಸೇರಿ ವೈಟ್ 1990ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪ್ರಕರಣವಿದೆ.

ಇದು ಬರೀ ಮಾತಿನ ಚಮತ್ಕಾರವಲ್ಲ. ಮಕ್ಕಳ ಈ ತೊಂದರೆಗೆ ಬಹುಪಾಲು ಕಾರಣ ಹಳೆಯ ಮಲಬದ್ಧತೆ. ಗಟ್ಟಿ ಮಲ ತುಂಬಿ ಗುದನಾಳ ಹಿಗ್ಗುತ್ತದೆ, ಶೌಚಕ್ಕೆ ಹೋಗಬೇಕೆಂಬ ಅರಿವು ಮಂದವಾಗುತ್ತದೆ, ತೆಳು ಮಲ ಮಗುವಿಗೆ ಗೊತ್ತಾಗದೆಯೇ ಸೋರುತ್ತದೆ. ಬೈದರೆ ಮಗು ಹೆದರಿ ಇನ್ನಷ್ಟು ತಡೆದುಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಹೀಗೆ ಮನೆಯವರ ಮಾತು ಕರುಳಿನವರೆಗೂ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಇಂಥ ಮಕ್ಕಳ ಚಿಕಿತ್ಸಾ ದಾಖಲೆಗಳನ್ನು ಹೋಲಿಸಿ 1998ರಲ್ಲಿ ಪ್ರಕಟಿಸಿದ ವರದಿಯಲ್ಲೂ ವೈಟ್ ವಿಧಾನವೇ ಹೆಚ್ಚು ಫಲ ಕೊಟ್ಟಿತ್ತು. ಅದು ದಾಖಲೆಗಳ ಹೋಲಿಕೆಯಷ್ಟೇ ಆದ್ದರಿಂದ ಕೊನೆಯ ತೀರ್ಪೆಂದು ಹೇಳಲಾಗದು.

ತೊಂದರೆಯನ್ನು ಮನುಷ್ಯನಿಂದ ಬೇರೆ ಮಾಡಿ ನೋಡುವ ಈ ದಾರಿ ಎಲ್ಲ ಕಡೆಯೂ ಸಲ್ಲದು. ಹೆಂಡತಿಯನ್ನು ಹೊಡೆಯುವ ಗಂಡ ‘ಹೊಡೆದದ್ದು ನಾನಲ್ಲ, ನನ್ನ ಕೋಪ’ ಎನ್ನಲು ಇದು ನೆಪವಾಗಕೂಡದು. ಅಲ್ಲಿ ಹೊಣೆ ಹೊಡೆದವನದೇ.

ನಿಮ್ಮ ಮನೆಯಲ್ಲಿ ನಾಲ್ಕು ವರ್ಷ ದಾಟಿದ ಮಗು ಹೀಗೆ ಬಟ್ಟೆ ಕೆಡಿಸಿಕೊಳ್ಳುತ್ತಿದ್ದರೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಮಲಬದ್ಧತೆ ಇದೆಯೇ ಎಂದು ಕೇಳಿ. ಮಗುವನ್ನು ಕೊಳಕ ಎಂದು ಕರೆಯುವುದನ್ನು ಇವತ್ತೇ ಬಿಡಿ.