ಜಲದುರ್ಗಗಳಿಗೆ ದೋಣಿಯಾನ: ವರ್ತಕರು ಗಮನಿಸಬೇಕಾದ ಸಂಗತಿಗಳು

ಚಳಿಗಾಲ ಬಂದಿತೆಂದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಭಾಗದ ಅಂಗಡಿ ಹಾಗೂ ಸಣ್ಣ ಕಾರ್ಖಾನೆಗಳ ಮಾಲೀಕರು ಸಿಬ್ಬಂದಿಯನ್ನೋ, ಗುರಿ ಮುಟ್ಟಿದ ಡೀಲರುಗಳನ್ನೋ ಕರಾವಳಿಗೆ ಕರೆದೊಯ್ಯುವುದು ವಾಡಿಕೆ. ದೇವಾಲಯ, ಜೋಗ, ಕಡಲತೀರಗಳ ಜೊತೆಗೆ ದೋಣಿಯಲ್ಲಿ ಹೋಗಿ ಕೋಟೆ ನೋಡುವ ಕಾರ್ಯಕ್ರಮವೂ ಈಗ ಪಟ್ಟಿಗೆ ಸೇರುತ್ತಿದೆ. ಈ ಪ್ರವಾಸದಲ್ಲಿ ಇತಿಹಾಸವಷ್ಟೇ ಅಲ್ಲದೆ ಜೀವರಕ್ಷಣೆಯ ಮತ್ತು ತೆರಿಗೆಯ ಪ್ರಶ್ನೆಗಳೂ ಅಡಗಿವೆ.

ಕಲ್ಲಿನ ಕೋಟೆಯ ನೆರಳಿನಲ್ಲಿ ಬೆಳೆದ ಚಿತ್ರದುರ್ಗ ಸೀಮೆಯವರಿಗೆ ಕೋಟೆಯೆಂದರೆ ಯುದ್ಧ ನೆನಪಾಗುವುದು ಸಹಜ. ಕರಾವಳಿಯ ಕೋಟೆಗಳ ಮೂಲ ಮಾತ್ರ ಬಹುಮಟ್ಟಿಗೆ ವ್ಯಾಪಾರ. ಕುಮಟಾ ಬಳಿಯ ಮಿರ್ಜಾನ್ ಕೋಟೆಯೊಂದಿಗೆ ತಳುಕು ಹಾಕಿಕೊಂಡಿರುವ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಕಾಳುಮೆಣಸು ಹೊಳೆಯ ಮೂಲಕ ಸಮುದ್ರಕ್ಕೆ ಇಳಿಯುವ ದಾರಿಯನ್ನು ಹಿಡಿದವರಿಗೆ ಸುಂಕವೂ ದೊರೆಯುತ್ತಿತ್ತು. ಅಘನಾಶಿನಿಗೆ ಸಮೀಪದ ಈ ಜಂಬಿಟ್ಟಿಗೆ ಕೋಟೆಯನ್ನು ಅಂದಿನ ಸುಂಕದ ಕಟ್ಟೆಯೆಂದು ನೋಡಿದರೆ ಅದರ ಅರ್ಥ ಬೇಗ ತಿಳಿಯುತ್ತದೆ.

ಗೇರುಸೊಪ್ಪೆಯ ನಂತರ ಈ ತೀರದ ಹಿಡಿತ ಮಲೆನಾಡಿನ ಕೆಳದಿ ಅರಸರ ಕೈಸೇರಿತು. ಚಿತ್ರದುರ್ಗದ ನಾಯಕರೊಡನೆ ಆಗಾಗ್ಗೆ ಕಾದಾಡಿದ ಇದೇ ಮನೆತನ ಸಮುದ್ರದಂಚಿನಲ್ಲಿ ಸಾಲುಸಾಲು ಕೋಟೆಗಳನ್ನು ಹಿಡಿಯಿತು, ಕಟ್ಟಿಸಿತು. ಕಾಸರಗೋಡಿನ ಬೇಕಲಕೋಟೆ ಶಿವಪ್ಪನಾಯಕನ ಹೆಸರಿನೊಂದಿಗೆ, ಅಲ್ಲಿಗೆ ಸಮೀಪದ ಕಾಞಂಗಾಡಿನ ಕೋಟೆ ಸೋಮಶೇಖರ ನಾಯಕನ ಹೆಸರಿನೊಂದಿಗೆ ಸೇರಿಕೊಂಡಿವೆ. ಕಾಞಂಗಾಡಿನ ಆ ಕೋಟೆಯ ಹೆಸರೂ ಹೊಸದುರ್ಗವೇ! 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಕೆಳದಿಯವರ ಸಿರಿವಂತ ಬಂದರಾದ ಬಸರೂರನ್ನು ಸಮುದ್ರಮಾರ್ಗವಾಗಿ ಬಂದು ಕೊಳ್ಳೆಹೊಡೆಯಿತು. ಬಂದರಿನ ಸಂಪತ್ತಿಗೆ ಕಾವಲು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಿಜವಾದ ಜಲದುರ್ಗ ನೋಡಬಯಸುವವರು ಸಾಗರ, ಗೇರುಸೊಪ್ಪೆ ಘಟ್ಟದ ಮೂಲಕ ಹೊನ್ನಾವರಕ್ಕೆ ಇಳಿಯಬೇಕು. ಶರಾವತಿ ಕಡಲು ಸೇರುವ ಅಳಿವೆಯ ಆಚೆ, ಸಮುದ್ರದಲ್ಲಿರುವ ಬಸವರಾಜದುರ್ಗ ಕೆಳದಿಯ ಬಸವರಾಜನ ಹೆಸರನ್ನು ಹೊತ್ತ ದ್ವೀಪಕೋಟೆ. ಅಲ್ಲಿ ಇಳಿಯಲು ಅವಕಾಶವಿದೆಯೇ ಎಂಬುದನ್ನು ಹೊನ್ನಾವರದಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡ ಮೇಲೆಯೇ ಕಾರ್ಯಕ್ರಮ ನಿಗದಿ ಮಾಡುವುದು ಲೇಸು. ಶರಾವತಿಯ ಹಿನ್ನೀರಿನ ದೋಣಿವಿಹಾರ ಬೇರೆ, ಅಳಿವೆ ದಾಟಿ ಕಡಲಿಗಿಳಿಯುವುದು ಬೇರೆ. ದರ ವಿಚಾರಿಸುವಾಗ ಇವೆರಡನ್ನು ಬೆರೆಸಬಾರದು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಅಲ್ಲಿಯ ದರಿಯಾ ಬಹದ್ದೂರ್‌ಗಡವನ್ನೂ ವಿಚಾರಿಸಬಹುದು. ಮಹಾರಾಷ್ಟ್ರದ ಮಾಲವಣದಿಂದ ಸಿಂಧುದುರ್ಗಕ್ಕೆ ದೋಣಿ ಸಂಚಾರ ರೂಢಿಯಲ್ಲಿದೆ. ಆ ಕೋಟೆ 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲೊಂದು.

ಒಂದು ಘಟನೆಯನ್ನು ಇಲ್ಲಿ ಮರೆಯಲಾಗದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಅಸುನೀಗಿದರು. ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿದ ವಿಷಯ ಆಗ ಚರ್ಚೆಗೆ ಬಂದಿತು. ಜನವರಿ ಮಳೆಗಾಲವಲ್ಲ, ಶಾಂತ ಋತುವಿನಲ್ಲೇ ಈ ದುರಂತ ನಡೆಯಿತೆಂಬುದು ಗಮನಾರ್ಹ. ಆದುದರಿಂದ ದೋಣಿಯ ಪರವಾನಗಿ, ಅದರಲ್ಲಿ ನಮೂದಾದ ಪ್ರಯಾಣಿಕರ ಸಂಖ್ಯೆ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ವಿಮೆ ಇವಿಷ್ಟನ್ನು ಮುಂಗಡ ಕೊಡುವ ಮೊದಲೇ ನೋಡಬೇಕು. ನಲವತ್ತು ಜನರ ತಂಡ ಒಂದೇ ದೋಣಿಯಲ್ಲಿ ಮುಗಿಯಲಿ ಎಂಬ ಉಳಿತಾಯ ಸಲ್ಲದು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುವಾಗ ಪ್ರವಾಸದ ಯೋಚನೆಯೂ ಬೇಡ.

ಇನ್ನು ಲೆಕ್ಕದ ಮಾತು. ಪ್ರವಾಸ ಸಂಸ್ಥೆಯ ಮೂಲಕ ಹೋದಾಗ ಸಾಮಾನ್ಯವಾಗಿ ಶೇ. 5ರ ಜಿ.ಎಸ್.ಟಿ. ಬಿಲ್ಲಿನಲ್ಲಿರುತ್ತದೆ. ಸಾರ್ವಜನಿಕ ಸಾರಿಗೆಯಾದ ನೌಕಾಯಾನಕ್ಕೆ ವಿನಾಯಿತಿ ಇದ್ದರೂ ಮುಖ್ಯವಾಗಿ ಪ್ರವಾಸೋದ್ದೇಶದ ಯಾನವನ್ನು ಅದರಿಂದ ಹೊರಗಿಡಲಾಗಿದೆ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದ ಸ್ಥಳೀಯ ದೋಣಿ ಮಾಲೀಕನಿಗೆ ನೋಂದಣಿಯ ಅಗತ್ಯವಿರಲಾರದು. ಆತನಿಂದ ಸಾದಾ ರಸೀತಿ ಪಡೆದರೆ ಸಾಕು. ಆದರೆ ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟಲ್ಲಿ ಆ ವೆಚ್ಚ ಆದಾಯ ತೆರಿಗೆಯಲ್ಲಿ ಅಮಾನ್ಯವಾಗುವ ಸಂಭವವಿದೆ. ಸಿಬ್ಬಂದಿಯ ರಜಾಪ್ರವಾಸದ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಸಿಗದು.

ಡೀಲರುಗಳ ಪ್ರವಾಸದ ವಿಷಯದಲ್ಲಿಯೇ ಹೆಚ್ಚಿನವರು ಎಡವುವುದು. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ನಿಯಮದನ್ವಯ, ಒಬ್ಬ ಡೀಲರಿಗೆ ವರ್ಷದಲ್ಲಿ ನೀಡಿದ ಸೌಲಭ್ಯದ ಮೌಲ್ಯ 20,000 ರೂ. ಮೀರಿದರೆ ಶೇ. 10ರಷ್ಟು ತೆರಿಗೆ ಕಡಿತವಾಗಬೇಕು. 2025ರ ಹೊಸ ಕಾಯಿದೆಯಲ್ಲಿ ಸೆಕ್ಷನ್ನಿನ ಸಂಖ್ಯೆ ಬದಲಾಗಿದೆಯೇ ಹೊರತು ಹೊಣೆ ತಪ್ಪಿಲ್ಲ. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ರೂ. ಮೀರದ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬದ ವ್ಯಾಪಾರಿಗೆ ಈ ಕಡಿತದ ಹೊಣೆಯಿಲ್ಲ. ಪಾಲುದಾರಿಕೆ ಸಂಸ್ಥೆಗೆ ಆ ವಿನಾಯಿತಿ ಅನ್ವಯಿಸದು. ಹೊಸ ಸರಕಿನ ಪರಿಚಯಕ್ಕೆಂದು ನಡೆಸುವ ಡೀಲರ್ ಸಭೆಯ ವೆಚ್ಚ ಸೌಲಭ್ಯವೆನಿಸದು. ಆದರೆ ಅದರಲ್ಲಿನ ವಿಹಾರದ ಭಾಗ, ಜೊತೆಗೆ ಬಂದ ಕುಟುಂಬದವರ ಖರ್ಚು, ಸಭೆ ಮುಗಿದ ಮೇಲೆ ಉಳಿದುಕೊಂಡ ದಿನಗಳ ವೆಚ್ಚ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ಹೊನ್ನಾವರದ ಸಭಾಂಗಣದ ಬಿಲ್ಲನ್ನೂ ದೋಣಿಯ ರಸೀತಿಯನ್ನೂ ಪ್ರತ್ಯೇಕವಾಗಿ ಪಡೆದು, ಯಾರು ಯಾರು ಬಂದರೆಂಬ ಸಹಿಸಹಿತ ಪಟ್ಟಿಯನ್ನು ಅದೇ ದಿನ ತಯಾರಿಸಿ ವೋಚರಿಗೆ ಲಗತ್ತಿಸತಕ್ಕದ್ದು. ದೋಣಿ ಹತ್ತಿದವರ ಸಂಖ್ಯೆಯನ್ನು ತಾಳೆ ನೋಡಲೂ ಆ ಪಟ್ಟಿಯೇ ಒದಗುತ್ತದೆ.