ಕೋಲಾರದ ಚಿನ್ನವೂ ಹೊರನಾಡಿನ ಕೆಲಸಗಾರರೂ

ಹೊರಗಿನವರು ಬಂದು ನೆಲೆಸಿದರೆ ಸ್ಥಳೀಯರ ಅನ್ನಕ್ಕೆ ಕೊರತೆಯುಂಟಾಗುವುದೆಂಬ ಮಾತನ್ನು ತಾವೆಲ್ಲರೂ ಕೇಳಿರಬಹುದು. ಕೆಲಸವೆಂಬುದು ಹಂಡೆಯಲ್ಲಿ ತುಂಬಿಟ್ಟ ನೀರಿನಂತೆ, ಮೊಗೆಯುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆಯೆಂಬುದೇ ಇದರ ಹಿಂದಿರತಕ್ಕ ಭಾವನೆ. ಇದನ್ನು ಪರೀಕ್ಷಿಸಲು ಕೋಲಾರದ ಚಿನ್ನದ ಗಣಿಗಳು ಒಳ್ಳೆಯ ನಿದರ್ಶನ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಅಲ್ಲಿ ಕೆಲಸಕ್ಕೆ ಕೈಹಾಕಿದರು. ಸುತ್ತಲಿನದು ಮಳೆಯನ್ನೂ ಕೆರೆಯನ್ನೂ ನಂಬಿದ ಬೇಸಾಯ. ನೆಲದೊಳಗೆ ಇಳಿದು ದುಡಿದವರಲ್ಲಿ ಬಹುಪಾಲು ಜನ ಮದ್ರಾಸ್ ಪ್ರಾಂತದ ಉತ್ತರ ಆರ್ಕಾಡು, ಸೇಲಂ ಮುಂತಾದ ಜಿಲ್ಲೆಗಳಿಂದ ಬಂದವರು. ಅವರಲ್ಲಿ ಅನೇಕರಿಗೆ ತಮ್ಮ ಊರಿನಲ್ಲಿ ಭೂಮಿಯೂ ಇರಲಿಲ್ಲ, ಸಮಾನ ಮರ್ಯಾದೆಯೂ ಇರಲಿಲ್ಲ.

ಬಂದವನು ಕೈಗಳೊಡನೆ ಹೊಟ್ಟೆಯನ್ನೂ ತರುತ್ತಾನೆ. ಅರ್ಥಶಾಸ್ತ್ರಜ್ಞನ ಕಣ್ಣಿಗೆ ಹೊಟ್ಟೆಯೆಂದರೆ ಗಿರಾಕಿ. ಗಣಿಯ ಕೇರಿಗಳಿಗೆ ರಾಗಿ, ಅಕ್ಕಿ, ತರಕಾರಿ, ಸೌದೆ, ಬಟ್ಟೆ ಎಲ್ಲವೂ ಬೇಕಾದುವು. ನೆರೆಯ ರೈತನಿಗೆ ನಗದು ಎಣಿಸುವ ಪೇಟೆಯೊಂದು ಸಮೀಪದಲ್ಲಿಯೇ ದೊರೆಯಿತು. ಬೌರಿಂಗ್‌ಪೇಟೆಯಿಂದ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ಮುಟ್ಟಿತು; ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ದೊರೆತದ್ದು 1905ರಲ್ಲಿ! ಮೈಸೂರು ಸರ್ಕಾರಕ್ಕೆ ರಾಜಧನವೂ ಸಂದಿತು. ಹಂಡೆಯ ಉಪಮೆ ಇಲ್ಲಿ ನಿಲ್ಲದು.

ಹಾಗೆಂದು ಫಲವು ಸಮನಾಗಿ ಹಂಚಿಹೋಯಿತೆಂದು ಹೇಳುವಂತಿಲ್ಲ. ಲಾಭಾಂಶ ಲಂಡನ್ನಿನ ಪಾಲುದಾರರಿಗೆ ಹೋಯಿತು. ಕೆಲಸಗಾರನಿಗೆ ಕೂಲಿ, ತಡಿಕೆಯ ಗುಡಿಸಲು, ಶ್ವಾಸಕೋಶ ಕೆಡಿಸುವ ಕಲ್ಲುಧೂಳು. ಹೊಸದಾಗಿ ಬಂದವನ ಪೈಪೋಟಿ ಯಾರಿಗೆ ತಟ್ಟುತ್ತದೆ? ನೆರೆಯ ರೈತನಿಗಿಂತ ಹೆಚ್ಚಾಗಿ, ತನಗಿಂತ ಮೊದಲು ಅದೇ ದಾರಿಯಲ್ಲಿ ಬಂದು ಅದೇ ಕೆಲಸ ಹಿಡಿದವನಿಗೆ. ಬದಲಿ ಆಳು ಸುಲಭವಾಗಿ ಸಿಗುವವರೆಗೆ ಅವನ ಕೂಲಿ ಏರುವುದು ಕಷ್ಟ. ಈ ಅಂಶವನ್ನು ವಲಸೆಯ ಪರ ವಾದಿಸುವವರೂ ವಿರೋಧಿಸುವವರೂ ಸಾಮಾನ್ಯವಾಗಿ ಮರೆಯುತ್ತಾರೆ. 1930ರಲ್ಲಿ ಬೆರಳೊತ್ತು ಪಡೆದು ಹೆಸರು ದಾಖಲಿಸುವ ಕ್ರಮವನ್ನು ವಿರೋಧಿಸಿ ಗಣಿಗಳಲ್ಲಿ ಮುಷ್ಕರ ನಡೆದಾಗ, ಈ ಜನ ತಾವು ಬರಿಯ ಬದಲಿ ಆಳುಗಳಲ್ಲವೆಂದು ತೋರಿಸಿಕೊಟ್ಟರು.

ಸುಮಾರು 800 ಟನ್ನು ಚಿನ್ನ ಕೊಟ್ಟ ಗಣಿಗಳು 2001ರಲ್ಲಿ ಮುಚ್ಚಿದುವು. ಕೆಲಸ ಹೋಯಿತು, ಜನ ಉಳಿದರು. ಅವರಿಗೆ ಹಿಂತಿರುಗಲು ಬೇರೆ ಊರು ಉಳಿದಿರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಈಗ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಹಿಂತಿರುಗುತ್ತಾರೆ.